ಕಾರಿನ ಮುನಿಸಿಗೂ ಒಂದು ಲೆಕ್ಕವಿದೆ

ಹರದನಹಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಪುಣಜನೂರಿನ ಕಾಡು, ಅದರಾಚೆ ದಿಂಬಂ ಘಾಟಿಯ 27 ತಿರುವುಗಳು. ಪಶ್ಚಿಮಕ್ಕೆ ಗುಂಡ್ಲುಪೇಟೆ ದಾಟಿದರೆ ಬಂಡೀಪುರ. ಅಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಇಂಥ ಸೀಮೆಯಲ್ಲಿ ಪೂರ್ತಿ ಕೆಟ್ಟು ಮನೆಯ ಮುಂದೆ ನಿಂತ ಕಾರಿನಿಂದ ದೊಡ್ಡ ತೊಂದರೆಯೇನಿಲ್ಲ. ವಾರವೆಲ್ಲ ಸರಿಯಾಗಿದ್ದು, ಬಂಡೀಪುರ ಕಾಡಿನ ಮೇಲುಕಾಮನಹಳ್ಳಿ ಗೇಟಿನ ಹತ್ತಿರ ಟೀ ಕುಡಿದು ಬರುವಷ್ಟರಲ್ಲಿ ಕೈಕೊಡುವ ಕಾರಿನದೇ ಫಜೀತಿ.

ಗ್ಯಾರೇಜಿಗೆ ಒಯ್ದರೆ ನಡೆಯುವ ಮಾತುಕತೆ ಎಲ್ಲ ಕಡೆಯೂ ಒಂದೇ. "ಒಂದ್ಸಲ ಸೆಲ್ಫ್ ತಕ್ಕತ್ತದ, ಇನ್ನೊಂದ್ಸಲ ತಕ್ಕಳ್ಳದೇ ಇಲ್ಲ ಕಣಣ್ಣ" ಎಂದು ಕಾರಿನವರು. ಮೆಕ್ಯಾನಿಕ್ ಕೀ ತಿರುಗಿಸುತ್ತಾನೆ, ಎಂಜಿನ್ ತಕ್ಷಣ ಶುರುವಾಗುತ್ತದೆ. "ಸರಿಯಾಗೇ ಅದಲ್ಲಣ್ಣ" ಎಂದು ಅವನು. ಇಬ್ಬರದೂ ನಿಜವೇ. ಕೊನೆಗೆ ಅಂದಾಜಿನ ಮೇಲೆ ಬ್ಯಾಟರಿ ಬದಲಾಗುತ್ತದೆ. ಒಂದು ತಿಂಗಳಿಗೆ ರೋಗ ಮತ್ತೆ ಹಾಜರು.

ಯಂತ್ರಕ್ಕೆ ಮನಸ್ಸಿಲ್ಲ, ಆದ್ದರಿಂದ ಮುನಿಸೂ ಇಲ್ಲ. ಆಗಾಗ ಕಾಣಿಸಿಕೊಳ್ಳುವ ದೋಷ ಯಾವುದೋ ಒಂದು ಸ್ಥಿತಿಗೆ ಕಟ್ಟಿಕೊಂಡಿರುತ್ತದೆ. ಅದು ಶಾಖ ಇರಬಹುದು, ಗಾಡಿ ನಿಂತಿದ್ದ ಹೊತ್ತು ಇರಬಹುದು, ಮೋಟರ್ ಕೊನೆಯ ಸಲ ನಿಂತ ಕೋನವಿರಬಹುದು. ಕೆಟ್ಟ ಭಾಗವನ್ನು ಹುಡುಕುವ ಮೊದಲು ಆ ಸ್ಥಿತಿಯನ್ನು ಹುಡುಕಬೇಕು. ಅದಕ್ಕೆ ಸಾಕ್ಷಿ ಮೆಕ್ಯಾನಿಕ್ ಅಲ್ಲ, ಕೈಕೊಟ್ಟ ಗಳಿಗೆಯಲ್ಲಿ ಸೀಟಿನಲ್ಲಿ ಕೂತಿದ್ದವರು.

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಕೀ ತಿರುಗಿಸಿದಾಗ ಎಂಜಿನ್ ತಿರುಗಲೇ ಇಲ್ಲವೇ, ಅಥವಾ ತಿರುಗಿದರೂ ಹೊತ್ತಿಕೊಳ್ಳಲಿಲ್ಲವೇ? ಮೊದಲನೆಯದು ಬ್ಯಾಟರಿ, ವೈರು, ಸೆಲ್ಫ್ ಮೋಟರಿನ ಸಮಸ್ಯೆ. ಎರಡನೆಯದು ಇಂಧನ, ಕಿಡಿ, ಸೆನ್ಸರುಗಳ ಸಮಸ್ಯೆ. "ಸ್ಟಾರ್ಟ್ ಆಗಲಿಲ್ಲ" ಎಂಬ ಒಂದೇ ಮಾತಿನಲ್ಲಿ ಇವೆರಡೂ ಕಲಸಿಹೋದರೆ ಹುಡುಕಾಟ ಅಲ್ಲಿಗೇ ದಾರಿ ತಪ್ಪಿತು.

ಎಂಜಿನ್ ತಿರುಗಿಸುವ ಕೆಲಸ ಒಂದು ಕಾಲಕ್ಕೆ ಮನುಷ್ಯನ ರಟ್ಟೆಯದಾಗಿತ್ತು. ಮುಂದೆ ನಿಂತು ಹ್ಯಾಂಡಲ್ ಹೊಡೆಯುವಾಗ ಎಂಜಿನ್ ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿದುಕೊಂಡವರು ಬಹಳ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸೆಲ್ಫ್ ಸ್ಟಾರ್ಟರ್ ರೂಪಿಸಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅದಕ್ಕೂ ಮುನ್ನ ಅವನು ಅಂಗಡಿಯ ಗಲ್ಲಾ ಯಂತ್ರಕ್ಕೆ ವಿದ್ಯುತ್ ಮೋಟರ್ ಕೂರಿಸಿದ್ದವನು. ಗಲ್ಲಾ ಯಂತ್ರದ ಮೋಟರ್ ದಿನವಿಡೀ ಓಡಬೇಕಿಲ್ಲ, ಕ್ಷಣಕಾಲ ಜೋರಾಗಿ ಎಳೆದರೆ ಸಾಕು. ಕಾರಿಗೂ ಬೇಕಾದದ್ದು ಅಷ್ಟೇ. ಇಂದಿಗೂ ಸೆಲ್ಫ್ ಮೋಟರ್ ಅದೇ ಜಾತಿಯದು: ಕೆಲವೇ ಸೆಕೆಂಡು ಓಡುತ್ತದೆ, ಆದರೆ ಆ ಹೊತ್ತಿಗೆ 100ರಿಂದ 200 ಆಂಪಿಯರ್ ಕರೆಂಟ್ ಎಳೆಯುತ್ತದೆ. ಹೆಡ್‌ಲೈಟ್ ಎರಡೂ ಸೇರಿ ಎಳೆಯುವುದು ಹತ್ತು ಆಂಪಿಯರಿಗೂ ಕಡಿಮೆ.

ಅನೇಕ ಒಗಟುಗಳ ಬೀಗದ ಕೈ ಈ ಅಂಕಿಗಳಲ್ಲಿದೆ. ಬ್ಯಾಟರಿ ಟರ್ಮಿನಲ್ಲಿಗೆ ಬಿಳಿಯ ಪುಡಿ ಹಿಡಿದು ಅಲ್ಲಿ 0.02 ಓಮ್‌ನಷ್ಟು ತಡೆ ಸೇರಿತೆನ್ನಿ. ಒಂಬತ್ತು ಆಂಪಿಯರಿನ ಹೆಡ್‌ಲೈಟಿಗೆ ಅಲ್ಲಿ ನಷ್ಟವಾಗುವುದು 0.18 ವೋಲ್ಟ್; ಬೆಳಕಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅದೇ ಜಾಗದಲ್ಲಿ 150 ಆಂಪಿಯರ್ ಹರಿದರೆ ನಷ್ಟ 3 ವೋಲ್ಟ್. ಉಳಿದ ವೋಲ್ಟೇಜಿನಲ್ಲಿ ಎಂಜಿನ್ ತಿರುಗಿಸಲು ಮೋಟರಿಗೆ ಬಲ ಸಾಲದೆ ಹೋಗಬಹುದು. ಬೋರ್‌ವೆಲ್ ಇಟ್ಟುಕೊಂಡ ರೈತರಿಗೆ ಇದು ಹೊಸದಲ್ಲ: ಪಂಪ್‌ಸೆಟ್ ಮನೆಯಲ್ಲಿ ಬಲ್ಬು ಉರಿಯುತ್ತಿರುತ್ತದೆ, ಸ್ಟಾರ್ಟರ್ ಒತ್ತಿದರೆ ಮೋಟರ್ ಗುಂಯ್‌ಗುಟ್ಟುತ್ತದೆಯೇ ಹೊರತು ನೀರೆತ್ತುವುದಿಲ್ಲ. "ಹಾರನ್ ಹೊಡೀತದ, ಲೈಟ್ ಬರ್ತದ, ಬ್ಯಾಟರಿ ಚೆನ್ನಾಗದ" ಎಂಬ ತೀರ್ಮಾನ ಹಾಗಾಗಿ ಅರ್ಧ ಸತ್ಯ.

ಹೆಡ್‌ಲೈಟನ್ನೇ ಒಂದು ಮೀಟರಿನಂತೆ ಬಳಸಬಹುದು. ಅದನ್ನು ಹಾಕಿಕೊಂಡು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಕೀ ತಿರುಗಿಸಿ. ಬೆಳಕು ಪೂರ್ತಿ ಕಂದಿಹೋದರೆ ಬ್ಯಾಟರಿಯಲ್ಲಿ ಬಲವಿಲ್ಲ, ಟರ್ಮಿನಲ್ ಸರಿಯಿಲ್ಲ, ಇಲ್ಲವೇ ಮೋಟರ್ ಬಿಗಿದುಕೊಂಡಿದೆ. ಬೆಳಕು ಹಾಗೇ ಇದ್ದು ಸದ್ದೇ ಬರದಿದ್ದರೆ ಅಪ್ಪಣೆ ಮೋಟರಿಗೆ ತಲುಪುತ್ತಿಲ್ಲ: ಕೀ ಸ್ವಿಚ್, ರಿಲೇ, ಇಲ್ಲವೇ ಕ್ಲಚ್ ಸ್ವಿಚ್ ನೋಡಬೇಕು. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರಿನಲ್ಲಿ ಪೆಡಲಿನ ಕೆಳಗೆ ಮಡಚಿಕೊಂಡ ಮ್ಯಾಟೂ ಕಾರಣವಾಗಬಹುದು. ಗುಂಡಿ ಒತ್ತುವ ಕಾರುಗಳಲ್ಲಿ ಬ್ರೇಕ್ ಪೆಡಲಿನ ಸ್ವಿಚ್ಚನ್ನೂ ರಿಮೋಟ್ ಕೀಯೊಳಗಿನ ಬಿಲ್ಲೆ ಸೆಲ್ಲನ್ನೂ ನೋಡಬೇಕು.

ಬೆಳಕು ಕುಂದದೆ "ಟಕ್" ಎಂಬ ಒಂದೇ ಸದ್ದು ಬಂದರೆ ಗುಮಾನಿ ಸೊಲೆನಾಯ್ಡಿನ ಮೇಲೆ. ಮೋಟರಿನ ಬೆನ್ನ ಮೇಲಿರುವ ಈ ಆಯಸ್ಕಾಂತದ ಸ್ವಿಚ್ಚು ಒಳಗಿನ ತಾಮ್ರದ ತುಂಡುಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಅವು ಸುಟ್ಟು ಸವೆದಿದ್ದರೆ ಒಮ್ಮೆ ತಾಗುತ್ತವೆ, ಒಮ್ಮೆ ಇಲ್ಲ. "ಟಕ್ ಟಕ್ ಟಕ್" ಎಂದು ಎಡೆಬಿಡದೆ ಬಡಿದುಕೊಂಡರೆ ಕಥೆ ಬೇರೆ: ಸ್ವಿಚ್ ತಾಗುತ್ತದೆ, ಮೋಟರ್ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿದು ಆಯಸ್ಕಾಂತ ಹಿಡಿತ ಬಿಡುತ್ತದೆ, ಭಾರ ಇಳಿದ ಕೂಡಲೇ ವೋಲ್ಟೇಜ್ ಏರಿ ಮತ್ತೆ ತಾಗುತ್ತದೆ. ಇದು ದಣಿದ ಬ್ಯಾಟರಿಯ ಅಥವಾ ಸಡಿಲ ಟರ್ಮಿನಲ್ಲಿನ ಲಕ್ಷಣ.

ಸೆಲ್ಫ್ ಮೋಟರಿಗೆ ಮೆಲ್ಲಗೆ ಎರಡೇಟು ತಟ್ಟಿದಾಗ ಶುರುವಾದರೆ ಕಾರ್ಬನ್ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು. ಗೇರಿಗೆ ಹಾಕಿ ಕಾರನ್ನು ಒಂದಡಿ ತಳ್ಳಿದ ಮೇಲೆ ಸರಿಹೋದರೆ ಇನ್ನೂ ಸ್ವಾರಸ್ಯ. ಆಫ್ ಮಾಡಿದಾಗ ಎಂಜಿನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಅದನ್ನು ಕೆಲವೇ ನಿಗದಿತ ಜಾಗಗಳಲ್ಲಿ ತಡೆದು ನಿಲ್ಲಿಸುತ್ತದೆ. ವರ್ಷಗಟ್ಟಲೆ ಸೆಲ್ಫ್ ಬಂದು ಕಚ್ಚುವುದೂ ಫ್ಲೈವೀಲಿನ ಅವೇ ಹಲ್ಲುಗಳನ್ನು. ಅಲ್ಲಿ ಮಾತ್ರ ಹಲ್ಲು ಸವೆದಾಗ ಮೋಟರ್ ಕರ್ಕಶವಾಗಿ ಸುತ್ತುತ್ತದೆ, ಎಂಜಿನ್ ಅಲುಗದು. ಇಂಥ ಕಾರಿಗೆ ಎಷ್ಟು ಬ್ಯಾಟರಿ ಹಾಕಿದರೂ ಪ್ರಯೋಜನವಿಲ್ಲ.

ದಿನಾ ಓಡಿಸಿದರೆ ಸರಿ, ಹಬ್ಬಕ್ಕೆ ಮೂರು ದಿನ ನಿಲ್ಲಿಸಿದರೆ ಸತ್ತಿರುತ್ತದೆ ಎಂಬುದು ಇನ್ನೊಂದು ದೂರು. ಕಾರು ಮಲಗಿರುವಾಗಲೂ ಗಡಿಯಾರ, ಅಲಾರಂಗಳಿಗೆ 50 ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟ್ ಹರಿಯುವುದು ಸಹಜ. ಆಮೇಲೆ ಕೂರಿಸಿದ ಸ್ಟೀರಿಯೊವೋ, ಆರದ ಡಿಕ್ಕಿ ದೀಪವೋ ಅರ್ಧ ಆಂಪಿಯರ್ ಕುಡಿಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಗಂಟೆ ಹೋಯಿತು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರನೆಯ ದಿನಕ್ಕೆ ಬರಿದು.

ಬಿಸಿಯಾಗಿದ್ದಾಗ ಮಾತ್ರ ಮುಷ್ಕರ ಹೂಡುವ ಕಾರುಗಳ ಲೆಕ್ಕವೇ ಬೇರೆ. ಘಾಟಿ ಹತ್ತಿ ಬಂದು ಎಂಜಿನ್ ಆರಿಸಿದರೆ ಅದನ್ನು ತಣಿಸುವ ನೀರಿನ ಸುತ್ತಾಟವೂ ನಿಲ್ಲುತ್ತದೆ. ಎಂಜಿನ್ನಿನೊಳಗಿನ ಶಾಖ ಅಕ್ಕಪಕ್ಕದ ಭಾಗಗಳಿಗೆ ಹರಿದು, ಸ್ವಲ್ಪ ಹೊತ್ತು ಬಾನೆಟ್ ಕೆಳಗಿನ ತಾಪ ಇಳಿಯುವ ಬದಲು ಏರುತ್ತದೆ. ತಾಮ್ರದ ತಂತಿಯ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಹೆಚ್ಚುತ್ತದೆ. 80 ಡಿಗ್ರಿ ಏರಿದರೆ ಸುಮಾರು 30 ಶೇಕಡಾ. ಮೊದಲೇ ಬಡಕಲಾಗಿದ್ದ ಸೊಲೆನಾಯ್ಡ್ ಆಗ ಸೋಲುತ್ತದೆ.

ಬಿಸಿಯಲ್ಲಿ ಎಂಜಿನ್ ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಮೊದಲ ಗುಮಾನಿ ಕ್ರ್ಯಾಂಕ್ ಸೆನ್ಸರಿನ ಮೇಲೆ. ಎಂಜಿನ್ ಎಷ್ಟು ತಿರುಗಿದೆ ಎಂದು ಕಂಪ್ಯೂಟರಿಗೆ ಹೇಳುವುದು ಇದೇ. ಇದರ ಸಂದೇಶವಿಲ್ಲದಿದ್ದರೆ ಸಾಮಾನ್ಯವಾಗಿ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ಒಳಗಿನ ಸಪೂರ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ಅರ್ಧ ಗಂಟೆಯಲ್ಲಿ ತಣಿದು ಕೂಡಿಕೊಳ್ಳುತ್ತದೆ. ಗ್ಯಾರೇಜ್ ತಲುಪುವ ಹೊತ್ತಿಗೆ ಎಲ್ಲವೂ ಸುಸೂತ್ರ! ಪೆಟ್ರೋಲ್ ಕಾರಾದರೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಎರಡು ಸೆಕೆಂಡಿನಷ್ಟು ಪಂಪ್ ಗುಂಯ್‌ಗುಡಬೇಕು. ಇಲ್ಲದಿದ್ದರೆ ಪಂಪ್ ಅಥವಾ ಅದರ ರಿಲೇ ನೋಡಿಸಿ. ಮೀಟರ್ ಫಲಕದಲ್ಲಿ ಕೀ ಚಿಹ್ನೆಯ ದೀಪ ಮಿಟುಕುತ್ತಿದ್ದರೆ ಕಾರು ನಿಮ್ಮ ಕೀಯನ್ನೇ ಗುರುತಿಸುತ್ತಿಲ್ಲ ಎಂದರ್ಥ. ಈಚಿನ ಕಾರುಗಳ ಕಂಪ್ಯೂಟರ್ ದೋಷವನ್ನು ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಪಿ0335 ಎಂಬ ಸಂಕೇತ ಬಂದರೆ ಅದು ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟನ್ನು ತೋರಿಸುತ್ತದೆ. ಬ್ಯಾಟರಿ ಕಳಚಿದರೆ ಎಷ್ಟೋ ಕಾರುಗಳಲ್ಲಿ ಈ ಬರಹ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಓದಿಸಿ, ಆಮೇಲೆ ಕಳಚಿಸಿ.

ಉಳಿದದ್ದು ಅಳತೆ. ಅದಕ್ಕೆ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಡೈನಮೋ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು ಮತ್ತೊಬ್ಬರಿಂದ ಸೆಲ್ಫ್ ಹೊಡೆಸಬೇಕು. 0.2 ವೋಲ್ಟಿಗಿಂತ ಬಹಳ ಹೆಚ್ಚು ಬಂದರೆ ಅರ್ಥ್ ವೈರಿನ ದೋಷ. ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನವರೆಗೆ ಇದೇ ರೀತಿ ಅಳೆದಾಗ ಅರ್ಧ ವೋಲ್ಟ್ ದಾಟಬಾರದು.

ಮುಂದಿನ ಸಲ ಕಾರು ಕೈಕೊಟ್ಟಾಗ ಎರಡನೆಯ ಸಲ ಕೀ ತಿರುಗಿಸುವ ಮುನ್ನ ಮೊಬೈಲಿನಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಎಂಜಿನ್ ತಿರುಗಿತೇ, ಯಾವ ಸದ್ದು ಬಂತು, ದೀಪಗಳು ಏನಾದವು, ಕಾರು ಎಷ್ಟು ಹೊತ್ತಿನಿಂದ ಬಿಸಿಯಾಗಿ ಅಥವಾ ತಣ್ಣಗೆ ನಿಂತಿತ್ತು. ಇಷ್ಟನ್ನು ಮೆಕ್ಯಾನಿಕ್‌ಗೆ ಓದಿ ಹೇಳಿ, ಏನನ್ನೂ ಬದಲಿಸುವ ಮುನ್ನ ಅಳೆಯಲು ಕೇಳಿ. ಬದಲಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಸಿ. ಮೊದಲು 3 ವೋಲ್ಟ್ ಇದ್ದ ನಷ್ಟ 0.2ಕ್ಕೆ ಇಳಿದಿದ್ದರೆ ರಿಪೇರಿ ಆಗಿದೆ. ಇಳಿಯದಿದ್ದರೆ ಬಿಲ್ ಮಾತ್ರ ಆಗಿದೆ.