ಪಾಸ್‌ವರ್ಡ್ ಕೇಳಿದರೆ ಬೇಸರವೇಕೆ?

ಕಛೇರಿಗೆ ಹೋಗುವ ಸೋದರಿಯರೇ, ಈ ಲೇಖನ ನಿಮಗಾಗಿ. ಬೆಳಿಗ್ಗೆ ಅಡಿಗೆ ಮುಗಿಸಿ, ಮಕ್ಕಳ ಡಬ್ಬಿ ಕಟ್ಟಿ, ಬಸ್ಸು ಹಿಡಿದು, ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕುಳಿತಿರೋ ಇಲ್ಲವೋ, ಎದುರಿಗಿರುವ ಕಂಪ್ಯೂಟರು ವಿಚಾರಣೆ ಶುರು ಮಾಡುತ್ತದೆ. ಯಂತ್ರ ತೆರೆಯಲು ಒಂದು ಪಾಸ್‌ವರ್ಡ್. ಎಲ್ಲರೂ ಸೇರಿ ಬಳಸುವ ಡೇಟಾಬೇಸ್ ತೆರೆಯಲು ಇನ್ನೊಂದು. ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ! “ಇದರ ಕಾಟ ಸಾಕಾಗಿ ಹೋಯ್ತು ಕಣ್ರೀ” ಎಂದು, ಒಂದೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಆರು ಜನ ಬಳಸುವ ಕಛೇರಿಗಳು ನಮ್ಮಲ್ಲಿ ಎಷ್ಟಿಲ್ಲ?

ಮೇಲುನೋಟಕ್ಕೆ ಇದು ಒಳ್ಳೆಯ ಹೊಂದಾಣಿಕೆ. ಯಾರೂ ಯಾರನ್ನೂ ಕಾಯಬೇಕಾಗಿಲ್ಲ, ಕೆಲಸ ಸಲೀಸು. ಆದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದಾಗ ಏನು ಗತಿ? ಆ ಪಾಸ್‌ವರ್ಡ್ ಯಾರ ಹೆಸರಿನಲ್ಲಿದೆಯೋ ಅವರ ಕಡೆಗೇ ಎಲ್ಲರ ಬೆರಳು. ಆ ಹೆಸರು ನಿಮ್ಮದಾಗಿದ್ದರೆ?

ಕೈಬರಹ ಇಲ್ಲದ ಲೆಡ್ಜರು

ಹಿಂದೆ ಸದಸ್ಯರ ಪಟ್ಟಿ, ಸಾಲದ ಕಂತು, ಸಾಮಾನಿನ ದಾಸ್ತಾನು ಎಲ್ಲವೂ ದಪ್ಪ ಲೆಡ್ಜರುಗಳಲ್ಲಿ ಇರುತ್ತಿದ್ದವು. ಒಂದು ಅಂಕಿ ತಿದ್ದಿದ್ದರೆ ನೋಡಿದ ತಕ್ಷಣ ಗೊತ್ತಾಗುತ್ತಿತ್ತು: ಇದು ಇಂಥವರ ಅಕ್ಷರ, ಪಕ್ಕದಲ್ಲಿ ಇಂಥವರ ಚಿಕ್ಕ ಸಹಿ. ಡೇಟಾಬೇಸ್ ಎಂದರೆ ಅದೇ ಲೆಡ್ಜರು, ಕಂಪ್ಯೂಟರಿನೊಳಗೆ ಕುಳಿತಿದೆ ಅಷ್ಟೆ. ಆದರೆ ಒಂದು ವ್ಯತ್ಯಾಸ. ಅಲ್ಲಿ ಎಲ್ಲರ ಅಕ್ಷರವೂ ಒಂದೇ ಥರ! ಯಾರು ಬರೆದರು ಎನ್ನುವುದಕ್ಕೆ ಉಳಿದಿರುವ ಮುಖ್ಯ ಗುರುತು, ಒಳಗೆ ಹೋಗುವಾಗ ಕೊಟ್ಟ ಹೆಸರು. ಆ ಹೆಸರು ನಿಮ್ಮದೇ ಎಂದು ಸಾರುವುದು ಪಾಸ್‌ವರ್ಡ್. ಅಂದರೆ ಅದು ಬರೀ ಬೀಗದಕೈ ಅಲ್ಲ, ನಿಮ್ಮ ಸಹಿ. ಖಾಲಿ ಕಾಗದಕ್ಕೆ ಸಹಿ ಹಾಕಿ ಸಹೋದ್ಯೋಗಿಯ ಕೈಗೆ ಕೊಡುತ್ತೀರಾ? ಪಾಸ್‌ವರ್ಡ್ ಹೇಳಿಕೊಡುವುದೂ ಅಂಥದ್ದೇ.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ರೈತರ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಅವುಗಳ ಸಂಖ್ಯೆ ಸುಮಾರು 2 ಕೋಟಿ. ಒಂದು ಹೆಸರು ಬದಲಾದರೆ ಒಂದು ಕುಟುಂಬದ ಜಮೀನೇ ಕೈಬಿಟ್ಟು ಹೋಗಬಹುದಾದ ದಾಖಲೆ ಅದು. ಅಲ್ಲಿ ಪಾಸ್‌ವರ್ಡ್ ಒಂದನ್ನೇ ನಂಬಲಿಲ್ಲ. ತಾಲ್ಲೂಕು ಕಛೇರಿಯ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗುವ ಏರ್ಪಾಡು ಮಾಡಿದರು. ಪಾಸ್‌ವರ್ಡನ್ನಾದರೆ ಇನ್ನೊಬ್ಬರಿಗೆ ಹೇಳಬಹುದು, ಬೆರಳನ್ನು ಎರವಲು ಕೊಡಲಾದೀತೆ? “ನಾನು ಮಾಡಿದ್ದಲ್ಲ” ಎಂದು ಯಾರೂ ಜಾರಿಕೊಳ್ಳಬಾರದು, ಮಾಡದವರ ತಲೆಗೂ ಅದು ಬರಬಾರದು. ಇದೇ ಅದರ ಗುರಿ.

ಕಾನೂನೂ ಇದನ್ನು ಹಗುರವಾಗಿ ನೋಡಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಲ್ಲಿ 66ಸಿ ಎಂಬ ಕಲಂ ಸೇರಿತು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಬಳಸಿದ್ದು ‘ಇನ್ನೊಬ್ಬರು’ ಎಂದು ತೋರಿಸುವುದು ಹೇಗೆ? ನೀವೇ ಬಾಯಾರೆ ಹೇಳಿಕೊಟ್ಟಿದ್ದರೆ ಆ ಕಷ್ಟ ನಿಮ್ಮದೇ.

ಅರವತ್ತು ದಾಟಿದ ಪದ್ಧತಿ

ಈ ಪದ್ಧತಿ ಹುಟ್ಟಿದ್ದೂ ಹಂಚಿಕೊಳ್ಳುವ ಯಂತ್ರದಿಂದಲೇ. 1961ರ ಹೊತ್ತಿಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೋ ಎಂಬುವರ ತಂಡ, ಹಲವರು ಏಕಕಾಲಕ್ಕೆ ಬಳಸುವ ಕಂಪ್ಯೂಟರ್ ವ್ಯವಸ್ಥೆ ರೂಪಿಸಿತು. ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಸಿಗದಿರಲೆಂದು ತಲಾ ಒಂದು ಪಾಸ್‌ವರ್ಡ್ ಕೊಟ್ಟರು. 1962ರಲ್ಲೇ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಮಾಡಿಕೊಂಡರಂತೆ! ಬೀಗ ಹುಟ್ಟಿದ ಹಿಂದೆಯೇ ಕಳ್ಳಗೈ ಹುಟ್ಟಿತು ನೋಡಿ.

ಅದಕ್ಕೇ ಈಗಿನ ಒಳ್ಳೆಯ ವ್ಯವಸ್ಥೆಗಳು ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಡುವುದಿಲ್ಲ. ರುಬ್ಬಿದ ಹಿಟ್ಟಿನಿಂದ ಕಾಳನ್ನು ಮತ್ತೆ ತೆಗೆಯಲಾಗದಲ್ಲವೇ? ಹಾಗೆ ಅದನ್ನು ಅರೆದು, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹಿಟ್ಟು ಬೇರೆಯಾಗಿ ಕಾಣಲೆಂದು ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ ಬೇರೆ ಅಕ್ಷರ ಸೇರಿಸುತ್ತವೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಈ ಉಪಾಯವನ್ನು ವಿವರಿಸಿ ಬರೆದರು. ಅದಕ್ಕಿರುವ ಹೆಸರು ಕೇಳಿದರೆ ನಗು ಬರುತ್ತದೆ: ‘ಸಾಲ್ಟ್’, ಅಂದರೆ ಉಪ್ಪು! ಇದರಿಂದ ತಿಳಿಯಬೇಕಾದ್ದು ಇಷ್ಟು. ಮರೆತ ಪಾಸ್‌ವರ್ಡನ್ನು ಕಂಪ್ಯೂಟರ್ ವಿಭಾಗದವರು ಹೊಸದಾಗಿ ಹಾಕಿಕೊಡಬಲ್ಲರು, ಹಳೆಯದನ್ನು ಕೇಳಿ ತಿಳಿಯುವ ಅಗತ್ಯ ಅವರಿಗಿಲ್ಲ. ಫೋನು ಮಾಡಿ “ಮೇಡಂ, ನಿಮ್ಮ ಪಾಸ್‌ವರ್ಡ್ ಹೇಳಿ” ಎಂದು ಯಾರಾದರೂ ಕೇಳಿದರೆ ಫೋನು ಇಟ್ಟುಬಿಡಿ.

ಪದೇ ಪದೇ ಕೇಳುವುದೇಕೆ?

ಸಣ್ಣ ಕಛೇರಿಗಳಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ಬಳಸುವುದುಂಟು. ಇದರಲ್ಲಿ ಇಡೀ ಫೈಲಿಗೆ ಒಂದು ಪಾಸ್‌ವರ್ಡ್ ಹಾಕಬಹುದು. ಅದು ಮನೆಯ ಹೆಬ್ಬಾಗಿಲ ಬೀಗವಿದ್ದಂತೆ. ಹೊರಗಿನವರನ್ನು ತಡೆಯುತ್ತದೆ, ಒಳಗೆ ಬಂದವರು ಯಾರು ಎಂದು ಹೇಳುವುದಿಲ್ಲ. ಹಳೆಯ ನಮೂನೆಯ ಫೈಲುಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಹೆಸರು ಕೊಡುವ ಸೌಕರ್ಯವಿತ್ತು. ಆಕ್ಸೆಸ್ 2007ರ ಜೊತೆ ಬಂದ ಹೊಸ ನಮೂನೆಯಲ್ಲಿ ಅದನ್ನು ಕೈಬಿಟ್ಟರು. ಆದ್ದರಿಂದ ಹಣಕಾಸಿನ ವಿಷಯವಿದ್ದರೆ, ಮಾಹಿತಿಯನ್ನು ಎಸ್‌ಕ್ಯೂಎಲ್ ಸರ್ವರ್‌ನಂಥ ಕಡೆ ಇಟ್ಟು, ಒಬ್ಬೊಬ್ಬರಿಗೂ ಅಲ್ಲಿ ಪ್ರತ್ಯೇಕ ಹೆಸರು ಮಾಡಿಸುವುದು ಲೇಸು. ಆಕ್ಸೆಸ್ ಬರೀ ಮುಂದಿನ ಕಿಟಕಿಯಾಗಿ ಉಳಿಯುತ್ತದೆ.

ಇಲ್ಲೇ ಪ್ರಶ್ನೆಗಳ ಕಾಟ ಶುರುವಾಗುವುದು. ಸರ್ವರಿನಲ್ಲಿರುವ ಪಟ್ಟಿಯನ್ನು ತೆರೆದಾಗ ಅದು “ನೀವು ಯಾರು?” ಎಂದು ಕೇಳುತ್ತದೆ. ಕಾಟ ತಪ್ಪಿಸಲು ಕೆಲವರು, ಪಟ್ಟಿಯನ್ನು ಜೋಡಿಸುವಾಗ ‘ಸೇವ್ ಪಾಸ್‌ವರ್ಡ್’ ಎಂಬ ಚೌಕಕ್ಕೆ ಗುರುತು ಹಾಕಿಬಿಡುತ್ತಾರೆ. ಪ್ರಶ್ನೆ ನಿಲ್ಲುವುದೇನೋ ನಿಜ. ಆದರೆ ಪಾಸ್‌ವರ್ಡ್ ಆ ಫೈಲಿನೊಳಗೇ ಓದಲು ಬರುವಂತೆ ಕುಳಿತಿರುತ್ತದೆ. ಫೈಲಿನ ನಕಲು ಯಾರ ಪೆನ್‌ಡ್ರೈವಿಗೆ ಹೋಯಿತೋ, ನಿಮ್ಮ ಸಹಿಯೂ ಅಲ್ಲಿಗೆ ಹೋಯಿತು.

ಸರಿಯಾದ ದಾರಿ ಬೇರೆ ಇದೆ. ಬೆಳಿಗ್ಗೆ ಯಂತ್ರ ತೆರೆಯುವಾಗ ವಿಂಡೋಸ್‌ಗೆ ಕೊಟ್ಟ ಹೆಸರನ್ನೇ ಸರ್ವರು ಒಪ್ಪಿಕೊಳ್ಳುವಂತೆ ಮಾಡಿಸಬಹುದು. ‘ವಿಂಡೋಸ್ ಅಥೆಂಟಿಕೇಶನ್’ ಎನ್ನುತ್ತಾರೆ. ಕಛೇರಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಹೀಗೆ ಕೇಳಿ: “ವಿಂಡೋಸ್ ಲಾಗಿನ್‌ನಿಂದಲೇ ಡೇಟಾಬೇಸ್ ತೆರೆಯೋ ಹಾಗೆ ಮಾಡಿಕೊಡ್ತೀರಾ?” ಆಮೇಲೆ ಆ ಎರಡನೆಯ ಪ್ರಶ್ನೆಯೇ ಇಲ್ಲ. ಹಾಗೆ ಮಾಡಿಸಿದ ಮೇಲೆ, ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಗುರುತಿನ ಕೀಲಿಯನ್ನೂ ‘ಎಲ್’ ಕೀಲಿಯನ್ನೂ ಒಟ್ಟಿಗೆ ಒತ್ತಿ ಪರದೆಗೆ ಬೀಗ ಹಾಕುವುದನ್ನು ಮರೆಯಬಾರದು. ಕಾಫಿ ಕುಡಿದು ಬಂದಾಗ ಕೇಳುವ ಪ್ರಶ್ನೆ ಈ ಬೀಗದ್ದು. ಅದನ್ನು ಮಾತ್ರ ತೆಗೆಸಬೇಡಿ.

ಸರಿಯಾದ ಪಾಸ್‌ವರ್ಡ್ ಕೊಟ್ಟರೂ “ತಪ್ಪು” ಎನ್ನುತ್ತದೆಯೇ? ಗಾಬರಿ ಬೇಡ. ದೊಡ್ಡಕ್ಷರದ ಕ್ಯಾಪ್ಸ್ ಲಾಕ್ ಒತ್ತಿದೆಯೇ ನೋಡಿ. ಅದಕ್ಕಿಂತ ಮೊದಲು, ಕೀಲಿಮಣೆ ಕನ್ನಡಕ್ಕೆ ಹೊರಳಿದೆಯೇ ನೋಡಿ! ಪತ್ರ ಕನ್ನಡದಲ್ಲಿ ಟೈಪು ಮಾಡಿ, ಹಾಗೇ ಡೇಟಾಬೇಸಿಗೆ ಬಂದರೆ ಹೀಗಾಗುವುದುಂಟು. ಪರದೆಯಲ್ಲಿ ಕಾಣುವುದು ಬರೀ ಚುಕ್ಕಿಗಳಾದ್ದರಿಂದ ಗೊತ್ತೇ ಆಗುವುದಿಲ್ಲ. ಸುಮ್ಮನೆ ಮತ್ತೆ ಮತ್ತೆ ಒತ್ತುತ್ತಾ ಹೋದರೆ ನಿಮ್ಮ ಹೆಸರಿಗೇ ಬೀಗ ಬಿದ್ದೀತು.

ರಜೆ ಹಾಕುವ ಮುನ್ನ

ಪಾಸ್‌ವರ್ಡ್ ಕೈಬದಲಾಗುವುದು ಹೆಚ್ಚಾಗಿ ಕೆಟ್ಟ ಉದ್ದೇಶದಿಂದಲ್ಲ, ರಜೆಯಿಂದ. ಮಗುವಿಗೆ ಜ್ವರ, ಅತ್ತೆಯವರಿಗೆ ಆಸ್ಪತ್ರೆ, ಇಲ್ಲವೇ ಹೆರಿಗೆ ರಜೆ. “ಪಾಸ್‌ವರ್ಡ್ ಹೇಳಿ ಹೋಗಮ್ಮ, ಕೆಲಸ ನಿಲ್ಲಬಾರದಲ್ಲ” ಎನ್ನುತ್ತಾರೆ ಮೇಲಿನವರು. ಇಲ್ಲ ಎನ್ನಲು ಸಂಕೋಚ, ಹೂಂ ಎನ್ನಲು ಭಯ. ಆಗ ನಗುಮುಖದಿಂದಲೇ ಹೀಗೆ ಹೇಳಬಹುದು: “ಸಾರ್, ನನ್ನ ಬದಲಿಗೆ ಯಾರು ನೋಡ್ತಾರೋ ಅವರ ಹೆಸರಿಗೇ ಆ ಅನುಮತಿ ಹಾಕಿಸಿಬಿಡಿ. ನಾನು ಬಂದ ಮೇಲೆ ತೆಗೆಸಿದರಾಯ್ತು.” ಇದು ಹಟವಲ್ಲ, ಕ್ರಮ. ಇದನ್ನೇ ಎರಡು ಸಾಲು ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ರಜೆಗೆ ಹದಿನೈದು ದಿನ ಮೊದಲೇ ಕೇಳಿಡಿ. ಒಂದು ವೇಳೆ ಯಾರಿಗಾದರೂ ಈಗಾಗಲೇ ಹೇಳಿಬಿಟ್ಟಿದ್ದರೆ ಇಂದೇ ಬದಲಾಯಿಸಿ. ಯಾರ ಮನಸ್ಸನ್ನೂ ನೋಯಿಸದೆ ಆಗುವ ಕೆಲಸ ಅದು.

ಎಂಥ ಪಾಸ್‌ವರ್ಡ್ ಆರಿಸಬೇಕು?

ಮಗುವಿನ ಹೆಸರು, ಹುಟ್ಟಿದ ವರ್ಷ, ಮನೆದೇವರು ಬೇಡವೇ ಬೇಡ. ನಿಮ್ಮ ಪಕ್ಕದ ಮೇಜಿನವರಿಗೆ ಅವೆಲ್ಲ ಗೊತ್ತು! ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ ಎಂಬಂಥ ನಿಯಮಗಳಿಗೆ ಮೂಲ, ಅಮೆರಿಕದ ನಿಸ್ಟ್ ಸಂಸ್ಥೆ 2000ದ ದಶಕದ ಮೊದಲ ವರ್ಷಗಳಲ್ಲಿ ಹೊರಡಿಸಿದ ಸಲಹೆ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದಕ್ಕಾಗಿ ವಿಷಾದವಿದೆ ಎಂದರು. ಜನ ಪಾಸ್‌ವರ್ಡಿನ ಕೊನೆಗೆ 1 ಇದ್ದದ್ದನ್ನು 2 ಮಾಡಿ ಸುಮ್ಮನಾಗುತ್ತಿದ್ದರು! ಅದೇ ವರ್ಷ ನಿಸ್ಟ್ ತನ್ನ ಸಲಹೆಯನ್ನು ಬದಲಿಸಿತು. ಸೋರಿಹೋದ ಸುಳಿವಿಲ್ಲದೆ ಬದಲಾಯಿಸುವುದು ಬೇಡ, ಉದ್ದವಾಗಿರಲಿ ಸಾಕು ಎಂದಿತು. 2025ರ ಸಲಹೆಯಂತೆ, ಕಾವಲಿಗೆ ಪಾಸ್‌ವರ್ಡ್ ಒಂದೇ ಇದ್ದರೆ ಕನಿಷ್ಠ 15 ಅಕ್ಷರ ಬೇಕು.

ಹದಿನೈದೇ ಎಂದು ಹೌಹಾರಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆದರೆ ಅಷ್ಟಾಗಿಯೇ ಬಿಡುತ್ತದೆ. ಅಡಿಗೆಮನೆಯಿಂದ ಒಂದು, ಹಿತ್ತಲಿನಿಂದ ಒಂದು, ಸಂತೆಯಿಂದ ಒಂದು, ಬಾಲ್ಯದ ಆಟದಿಂದ ಒಂದು. ಗಾದೆ, ಹಾಡಿನ ಸಾಲು ಮಾತ್ರ ಬೇಡ, ಅವು ಎಲ್ಲರ ಬಾಯಲ್ಲೂ ಇರುತ್ತವೆ. ಬ್ಯಾಂಕಿಗೆ ಒಂದು, ಕಛೇರಿಗೆ ಇನ್ನೊಂದು ಇರಲಿ. ನೆನಪಿನಲ್ಲಿ ಉಳಿಯದಿದ್ದರೆ ಕೀಪಾಸ್‌ನಂಥ ಉಚಿತ ತಂತ್ರಾಂಶದಲ್ಲಿ ಬರೆದಿಟ್ಟುಕೊಳ್ಳಬಹುದು. ಆದರೆ ಅದನ್ನು ಹಾಕಿಕೊಳ್ಳಲು ಕಛೇರಿಯ ಒಪ್ಪಿಗೆ ಇರಲಿ. ಅದೂ ಆಗದಿದ್ದರೆ ಕಾಗದದ ಚೀಟಿಯೇ ಸರಿ, ಪರದೆಯ ಅಂಚಿನಲ್ಲಲ್ಲ, ನಿಮ್ಮ ಪರ್ಸಿನಲ್ಲಿ.

ನೆನಪಿಡಿ

● ಡೇಟಾಬೇಸಿನಲ್ಲಿ ನಿಮ್ಮದೇ ಪ್ರತ್ಯೇಕ ಹೆಸರು ಕೇಳಿ ಪಡೆಯಿರಿ.
● ಅನುಮತಿಯನ್ನು ಹಂಚಿಕೊಳ್ಳಿ, ಪಾಸ್‌ವರ್ಡನ್ನಲ್ಲ.
● ಏಳುವಾಗ ಪರದೆಗೆ ಬೀಗ.
● ವರ್ಗವಾದಾಗ, ಕೆಲಸ ಬಿಟ್ಟಾಗ ನಿಮ್ಮ ಹೆಸರನ್ನು ಮುಚ್ಚಿಸಿ, ಮುಚ್ಚಿದ್ದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ.

ನಾಳೆ ಕಛೇರಿಗೆ ಹೋದೊಡನೆ ಗೋಡೆಯ ಆ ಚೀಟಿಯನ್ನು ಮೊದಲು ಕಿತ್ತುಹಾಕಿ, ಪಾಸ್‌ವರ್ಡನ್ನು ಬದಲಾಯಿಸಿ. ಮಿಕ್ಕದ್ದು ನಿಧಾನವಾಗಿ ಆಗಲಿ.