ಡೋಸ್ ಹೆಚ್ಚಿಸಿದರೂ ಅಂಗಮಾರಿ ಯಾಕೆ ನಿಲ್ಲುತ್ತಿಲ್ಲ?

ದಾಳಿಂಬೆ ಬೆಳೆಯುವ ಸ್ನೇಹಿತರೊಬ್ಬರು ಕಳೆದ ವಾರ ಫೋನ್ ಮಾಡಿದ್ರು. “ದುಂಡಾಣು ಅಂಗಮಾರಿಗೆ ಮೊದಲೆಲ್ಲ ಸ್ಟ್ರೆಪ್ಟೋಸೈಕ್ಲಿನ್ ಹೊಡೆದರೆ ನಿಲ್ತಿತ್ತು. ಈಗ ನಿಲ್ತಿಲ್ಲ. ಡೋಸ್ ಜಾಸ್ತಿ ಮಾಡ್ಲಾ?” ಬೇಡ ಅಂದೆ. ಯಾಕೆ ಅನ್ನೋದು ಫೋನಲ್ಲಿ ಮುಗಿಯುವ ಮಾತಲ್ಲ.

ಆ ಪುಡಿಯಲ್ಲಿರೋದು ಸ್ಟ್ರೆಪ್ಟೋಮೈಸಿನ್, ಜೊತೆಗೆ ಸ್ವಲ್ಪ ಟೆಟ್ರಾಸೈಕ್ಲಿನ್. ದುಂಡಾಣುವಿನ ಪೊರೆಯಲ್ಲಿ ಪ್ರೋಟೀನ್‌ನಿಂದಾದ ಪಂಪ್‌ಗಳಿರುತ್ತವೆ. ಒಳಗೆ ನುಗ್ಗಿದ ವಿಷವನ್ನು ಹಿಡಿದು ಆಚೆ ತಳ್ಳೋದು ಅವುಗಳ ಕೆಲಸ. ಟೆಟ್ರಾಸೈಕ್ಲಿನ್ ಹೀಗೇ ಹೊರಹೋಗುತ್ತದೆ ಎಂದು ಅಮೆರಿಕದ ಸ್ಟುವರ್ಟ್ ಲೆವಿ ತಂಡ 1980ರಲ್ಲೇ ತೋರಿಸಿತ್ತು. ಸ್ಟ್ರೆಪ್ಟೋಮೈಸಿನ್‌ಗೆ ಹೆಚ್ಚಾಗಿ ಬೇರೆ ದಾರಿ: ಔಷಧಿಯನ್ನೇ ಕೆಡಿಸುವ ಕಿಣ್ವ, ಇಲ್ಲವೇ ಅದು ಅಂಟುವ ಜಾಗವನ್ನೇ ಬದಲಾಯಿಸೋದು. ಡೋಸ್ ಏರಿಸಿದಷ್ಟೂ ದುರ್ಬಲವಾದವು ಸಾಯುತ್ತವೆ, ಗಟ್ಟಿ ಇರುವವು ಉಳಿದು ಸಂತಾನ ಬೆಳೆಸುತ್ತವೆ. ಪಂಪಿನ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಮೇಲಿರುತ್ತದೆ, ಪಕ್ಕದ ಬೇರೆ ಜಾತಿಯ ದುಂಡಾಣುವಿಗೂ ದಾಟುತ್ತೆ. ಇವೆರಡೂ ಮನುಷ್ಯರಿಗೆ ಕೊಡುವ ಔಷಧಿಗಳು ಅನ್ನೋದನ್ನ ಮರೀಬೇಡಿ.

ಇಂಥ ಪಂಪ್‌ಗಳು ಔಷಧಿಗೋಸ್ಕರವೇ ಹುಟ್ಟಿದ್ದಲ್ಲ. ಸುಣ್ಣದ ಮಣ್ಣಲ್ಲಿ ಕಬ್ಬಿಣ ಇದ್ದೂ ಕರಗದೆ ಕೂತಿರುತ್ತೆ. ಎಲೆ ಹಳದಿ, ನರ ಹಸಿರು, ನೋಡಿರ್ತೀರಿ. ದುಂಡಾಣುವಿಗೂ ಅದೇ ಬರ. ಅದು ಸಿಡೆರೋಫೋರ್ ಎಂಬ ಅಣು ತಯಾರಿಸಿ ಹೊರಗೆ ಬಿಡುತ್ತೆ. ಅದು ಕಬ್ಬಿಣವನ್ನು ಕಚ್ಚಿಕೊಂಡು ವಾಪಸ್ ಬರುತ್ತೆ. ಹೊರಗೆ ಬಿಡೋಕೂ ಪಂಪ್ ಬೇಕಲ್ಲ? ಇ. ಕೋಲಿಯಲ್ಲಿ ಈ ಅಣು ದಾಟುವ ಕೊನೆಯ ಬಾಗಿಲು ಟಾಲ್‌ಸಿ. ಹಲವು ಆಂಟಿಬಯೋಟಿಕ್‌ಗಳನ್ನು ಆಚೆ ಹಾಕೋದೂ ಅದೇ ಬಾಗಿಲಿಂದ! ಆಸ್ಪತ್ರೆಗಳಲ್ಲಿ ಕಾಟ ಕೊಡುವ ಸ್ಯೂಡೋಮೊನಾಸ್ ಏರುಗಿನೋಸಾದಲ್ಲಿ ಅಂಥದ್ದೊಂದು ಪಂಪನ್ನು 1993ರಲ್ಲಿ ವರದಿ ಮಾಡಿದ ಕೀತ್ ಪೂಲ್ ತಂಡ, ಅದು ಕಬ್ಬಿಣದ ಕೆಲಸದ್ದೂ ಇರಬಹುದು ಎಂದುಕೊಂಡಿತ್ತು.

ನಾವು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಇದೇ ಕುಲದ್ದು. ಅದರ ಹಳದಿ-ಹಸಿರು ಬಣ್ಣ ಸಿಡೆರೋಫೋರ್‌ನದೇ. ಬೇರಿನ ಸುತ್ತ ಕಬ್ಬಿಣ ಬಾಚಿಕೊಂಡು ರೋಗಾಣುವಿಗೆ ಸಿಗದಂತೆ ಮಾಡೋದು ಅದರ ಕಾವಲಿನ ಒಂದು ಬಗೆ. ಅದನ್ನು ಹಾಕಿ, ಮೇಲೆ ಆಂಟಿಬಯೋಟಿಕ್ ಹೊಡೆದರೆ ಕಾವಲುಗಾರನಿಗೇ ಏಟು.

ಸ್ನೇಹಿತರಿಗೆ ಹೇಳಿದ್ದಿಷ್ಟು: ರೋಗದ ರೆಂಬೆ ಕತ್ತರಿಸಿ ಸುಡಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. ಮಳೆಗಾಲದ ಫಸಲು ಬಿಟ್ಟು ಹಸ್ತ ಬಹಾರ್ ಹಿಡೀರಿ. ತಾಮ್ರವನ್ನೂ ಆಚೆ ತಳ್ಳುವ ದುಂಡಾಣುಗಳಿವೆ, ಹಾಗಾಗಿ ಬೋರ್ಡೋ ಸಿಂಪಡಣೆಯೂ ಸುಮ್ ಸುಮ್ನೆ ಬೇಡ.

ಇನ್ನೊಂದು. ಹಸುವಿಗೆ ಟೆಟ್ರಾಸೈಕ್ಲಿನ್ ಜಾತಿಯ ಇಂಜೆಕ್ಷನ್ ಹಾಕಿಸಿದಾಗ ಒಂದು ಪಾಲು ಸಗಣಿ, ಗಂಜಲದಲ್ಲೇ ಹೊರಬರುತ್ತೆ. ಆ ದಿನಗಳ ಸಗಣಿಯನ್ನು ನಾನು ಜೀವಾಮೃತಕ್ಕೆ ಹಾಕೋದಿಲ್ಲ, ಬೇರೆ ಗುಂಡಿಗೆ ಹಾಕ್ತೀನಿ.