ಮಗ್ಗಿ ಬಾಯಿಪಾಠ ಆಗಲೇಬೇಕೆ?

ಮುಸ್ಸಂಜೆ ದೀಪ ಹಚ್ಚುತ್ತಿದ್ದಂತೆ ಕೈಕಾಲು ತೊಳೆದು ಬಂದು ಮಗ್ಗಿ ಒಪ್ಪಿಸಬೇಕು, ಆಮೇಲೆಯೇ ಊಟ. ಈ ಕಟ್ಟಳೆಯಲ್ಲಿ ಬೆಳೆದವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂಬ ಆ ರಾಗ ಎಪ್ಪತ್ತು ದಾಟಿದವರ ನಾಲಿಗೆಯ ಮೇಲೂ ಹಾಗೇ ಉಳಿದಿದೆ. ಅವರ ಮೊಮ್ಮಕ್ಕಳ ಕೈಯಲ್ಲೀಗ ಮೊಬೈಲ್ ಇದೆ. ಗುಂಡಿ ಒತ್ತಿದರೆ ಲೆಕ್ಕ ಸಿದ್ಧ. ಹಾಗಾದರೆ ಮಗ್ಗಿ ಉರು ಹೊಡೆಯುವ ಶಿಕ್ಷೆ ಯಾಕೆ?

ಅಜ್ಜಂದಿರು ಕಲಿತ ಮಗ್ಗಿ ಇಪ್ಪತ್ತಕ್ಕೆ ಮುಗಿಯುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿ ಇತ್ತು. ಅದು ಹುಚ್ಚಾಟವಲ್ಲ, ಅಂಗಡಿ ಬೀದಿಯ ಅಗತ್ಯ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸೇರಿಗೆ ಐದಾಣೆಯ ಬೇಳೆಯನ್ನು ಮುಕ್ಕಾಲು ಸೇರು ಕೊಂಡರೆ ಕೊಡಬೇಕಾದ್ದೆಷ್ಟು? ಮುಕ್ಕಾಲಿನ ಮಗ್ಗಿ ಬಲ್ಲವನು ಕಾಗದ ಹುಡುಕದೆ ‘ಮೂರೂ ಮುಕ್ಕಾಲು’ ಎನ್ನುತ್ತಿದ್ದ. ಅಂದರೆ ಮೂರಾಣೆ ಒಂಬತ್ತು ಪೈ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಲೆಕ್ಕವೆಂದರೆ ವ್ಯವಹಾರ ಎಂಬ ಭಾವನೆ ನಮ್ಮಲ್ಲಿ ಅಷ್ಟು ಹಳೆಯದು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ರೂಪಾಯಿಗೆ ನೂರು ನಯಾಪೈಸೆಯಾಯಿತು. ಹಿಂದೆಯೇ ಸೇರು ಹೋಗಿ ಕಿಲೋ ಬಂತು. ಮುಕ್ಕಾಲಿನ ಮಗ್ಗಿಗೆ ಕೆಲಸವಿಲ್ಲದಾಯಿತು. ಅದು ಮರೆಯಾದದ್ದಕ್ಕೆ ಕೊರಗಬೇಕಾಗಿಲ್ಲ.

ಆದರೆ ಹತ್ತರವರೆಗಿನ ಮಗ್ಗಿಯ ಮಾತು ಬೇರೆ. ಭಾಗಾಕಾರ ಮಾಡುವ ಹುಡುಗಿಯನ್ನು ಗಮನಿಸಿ. ನಡುವೆ ಏಳೆಂಟು ಎಷ್ಟೆಂದು ಬೆರಳು ಮಡಿಸತೊಡಗಿದರೆ, ಉತ್ತರ ಸಿಗುವಷ್ಟರಲ್ಲಿ ತಾನು ಎಲ್ಲಿದ್ದೆ ಎಂಬುದೇ ಮರೆತಿರುತ್ತದೆ. ಮನಸ್ಸು ಒಂದೇ ಸಲಕ್ಕೆ ಹೊರಬಲ್ಲ ಹೊರೆ ಸಣ್ಣದು. ಭಿನ್ನರಾಶಿ, ಬೀಜಗಣಿತಕ್ಕೆ ಹೋದಾಗ ತೊಡಕು ಇನ್ನೂ ಹೆಚ್ಚು. ‘ನನಗೆ ಗಣಿತ ಹತ್ತುವುದಿಲ್ಲ’ ಎಂದು ಕೈಚೆಲ್ಲುವ ಎಷ್ಟೋ ಮಕ್ಕಳು ಎಡವಿದ್ದು ಗಣಿತದಲ್ಲಲ್ಲ, ಈ ಒಂದು ಮೆಟ್ಟಿಲಲ್ಲಿ.

ಹಾಗೆಂದು ರಾಗವಾಗಿ ಒಪ್ಪಿಸಿದರೆ ಸಾಕೆ? ಏಳರ ಮಗ್ಗಿಯನ್ನು ಗಡಗಡ ಹೇಳುವ ಹುಡುಗನನ್ನು ಥಟ್ಟನೆ ‘ಏಳೆಂಟ್ಲ?’ ಎಂದು ಕೇಳಿ ನೋಡಿ. ಅವನು ‘ಏಳೊಂದ್ಲ ಏಳು’ ಎಂದು ಮೊದಲಿನಿಂದ ಶುರು ಮಾಡುವ ಸಂಭವವೇ ಹೆಚ್ಚು. ಕಲಿತದ್ದು ಹಾಡು, ಲೆಕ್ಕವಲ್ಲ! ಏಳೆಂಟೂ ಎಂಟೇಳೂ ಒಂದೇ ಎಂಬುದು ಅವನಿಗೆ ಹೊಳೆದಿರುವುದಿಲ್ಲ. ಹೊಳೆದರೆ ಭಾರ ಅರ್ಧ ಇಳಿದಂತೆ. ಒಂದರದ್ದು, ಹತ್ತರದ್ದು ಸುಲಭ. ಅವೆರಡನ್ನು ಬಿಟ್ಟರೆ ನಿಜಕ್ಕೂ ನೆನಪಿಡಬೇಕಾದ ಗುಣಲಬ್ಧಗಳು ಬರೇ 36.

ಬಾಯಿಪಾಠ ನಮ್ಮದೇ ಹಳೆಯ ಚಾಳಿ ಎಂದುಕೊಂಡವರಿಗೆ ಇಂಗ್ಲೆಂಡಿನ ಸುದ್ದಿ ಅಚ್ಚರಿ ತಂದೀತು. ಅಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ 2022ರಿಂದ ಸರ್ಕಾರಿ ಶಾಲೆಗಳಲ್ಲಿ ಮಗ್ಗಿಯ ಪರೀಕ್ಷೆ ಕಡ್ಡಾಯ. 12ರ ಮಗ್ಗಿಯವರೆಗೆ 25 ಪ್ರಶ್ನೆ, ಒಂದೊಂದಕ್ಕೆ ಆರೇ ಸೆಕೆಂಡು. ಪ್ರಶ್ನೆಗಳು ಸಾಲಾಗಿ ಬಾರವು. ಮೊದಲಿನಿಂದ ರಾಗ ಎಳೆಯಲು ಸಮಯವೂ ಇಲ್ಲ.

ನಮ್ಮಲ್ಲಿ ಗಾಳಿ ಬೀಸಿದ್ದು ಇನ್ನೊಂದು ದಿಕ್ಕಿಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಆಟದ ಮೂಲಕ ಪಾಠ ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ದೂರ ಸರಿಯಿರಿ ಎಂದಿತು. ಬೆತ್ತದ ಭಯದಲ್ಲಿ ಮಗ್ಗಿ ಕಲಿತ ನಾಡಿಗೆ ಆ ಮಾತು ಬೇಕಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬೆತ್ತವನ್ನೇ ನಿಷೇಧಿಸಿತು. ಆದರೆ ಬೆತ್ತದ ಜೊತೆ ಮಗ್ಗಿಯನ್ನೂ ಮೂಲೆಗೆ ಎಸೆದರೆ ನಷ್ಟ ಮಗುವಿಗೇ. ಮನೆಪಾಠಕ್ಕೆ ದುಡ್ಡು ಸುರಿಯಬಲ್ಲ ಮನೆಯ ಮಗುವಿಗೆ ಅದು ಹೇಗೋ ದಕ್ಕುತ್ತದೆ. ಶಾಲೆಯೊಂದನ್ನೇ ನಂಬಿದ ಮಗುವಿಗೆ ಇನ್ನೊಂದು ದಾರಿಯಿಲ್ಲ.

ಮೊದಲು ಹುಣಿಸೆಬೀಜ ಸಾಲಾಗಿ ಜೋಡಿಸಿ ಗುಣಿಸುವುದೆಂದರೇನೆಂದು ಕಾಣಿಸಿ, ಬಳಿಕ ದಿನಕ್ಕಿಷ್ಟು ಬಾಯಿಗೆ ಬರಿಸುವ ಮೇಷ್ಟರುಗಳೂ ಇದ್ದಾರೆ. ಹಾಗೆ ಕಲಿತ ಮಗು ಏಳೆಂಟು ಎಷ್ಟೆಂಬುದನ್ನು ಮರೆತರೂ ಕಂಗಾಲಾಗುವುದಿಲ್ಲ. ಐದೆಂಟು ನಲವತ್ತು, ಎರಡೆಂಟು ಹದಿನಾರು, ಕೂಡಿದರೆ ಐವತ್ತಾರು.